ಪಿಟ್‌ಬುಲ್ ತರ್ತೀರಿ ಸರಿ, ಚೈನ್ ಹಿಡಿಯೋರ್ ಯಾರು?

ಹಾಸ್ಟೆಲಿನ ಯಾವ ರೂಮಿಗೆ ಹೋದರೂ ಈಗ ಒಬ್ಬನಾದರೂ ಫೋನಲ್ಲಿ ನಾಯಿ ನೋಡ್ತಾ ಕೂತಿರ್ತಾನೆ. ಅಗಲವಾದ ಎದೆ, ಕತ್ತರಿಸಿದ ಕಿವಿ, ಕೊರಳಲ್ಲಿ ಬೆರಳು ದಪ್ಪದ ಚೈನು, ಹಿಂದೆ ಯಾವುದೋ ಮಾಸ್ ಸಿನಿಮಾದ ಬಿಜಿಎಂ. ಕೆಳಗೆ ‘ಮರಿ ಇದೆ, ಡಿಎಂ ಮಾಡಿ’ ಅಂತ ಒಂದು ಸಾಲು. ಸೆಮಿಸ್ಟರ್ ರಜೆ ಹತ್ತಿರ ಬಂದಂಗೆ ಮಾತೂ ಜೋರಾಗುತ್ತೆ: ‘ಮಗಾ, ಊರಲ್ಲಿ ತೋಟದ ಮನೆ ಖಾಲಿ ಬಿದ್ದದೆ, ಒಂದು ಪಿಟ್‌ಬುಲ್ ತಂದು ಬುಟ್ರೆ ಹೆಂಗೆ?’

ಹೆಂಗೆ ಅಂತ ಕೇಳಿದ್ದಕ್ಕೆ ಈ ಬರಹ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ, ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಅನುಕೂಲ ಆಗಲಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬಂದು ಇಂಜಿನಿಯರಿಂಗ್ ಓದ್ತಿರೋ ನಮ್ಮಲ್ಲಿ ಹೆಚ್ಚಿನವರಿಗೆ ಸದ್ಯಕ್ಕೆ ಪಿಟ್‌ಬುಲ್ ಹೊಂದೋ ನಾಯಿ ಅಲ್ಲ. ನಾಯಿ ರಾಕ್ಷಸ ಅನ್ನೋ ಕಾರಣಕ್ಕೆ ನಾವು ಹೀಗೆ ಹೇಳ್ತಿಲ್ಲ. ನಾಯಿ ತರೋದು ನೀವು, ಸಾಕೋದು ನಿಮ್ಮ ಅವ್ವ, ಅಪ್ಪ, ಅಜ್ಜಿ. ಆ ಲೆಕ್ಕ ಯಾರೂ ಹಾಕ್ತಿಲ್ಲ ಅನ್ನೋದೇ ನಮ್ಮ ತಕರಾರು.

ಮೊದಲು ಕಾನೂನಿನ ಗೊಂದಲ ಬಗೆಹರಿಸೋಣ. ಕ್ಯಾಂಟೀನಲ್ಲಿ ಅರ್ಧ ಜನ ‘ಬ್ಯಾನ್ ಆಗಿದೆ’ ಅಂತಾರೆ, ಇನ್ನರ್ಧ ಜನ ‘ಬ್ಯಾನ್ ತೆಗೆದಾಯ್ತು’ ಅಂತಾರೆ. ಆಗಿದ್ದು ಇಷ್ಟು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ರಾಜ್ಯಗಳಿಗೆ ಒಂದು ಪತ್ರ ಕಳಿಸಿತು. ಪಿಟ್‌ಬುಲ್ ಟೆರಿಯರ್, ರಾಟ್‌ವೀಲರ್, ಅಮೆರಿಕನ್ ಬುಲ್‌ಡಾಗ್, ಕೇನ್ ಕೋರ್ಸೊ ಹೀಗೆ 23 ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ಆಮದು ಮಾಡಿಕೊಳ್ಳಬಾರದು, ಮರಿ ಮಾಡಿಸಬಾರದು, ಮಾರಬಾರದು. ಈಗಾಗಲೇ ಮನೆಗಳಲ್ಲಿ ಇರುವವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಅಂತ. ಅದನ್ನ ಪ್ರಶ್ನಿಸಿ ಬೆಂಗಳೂರಿನಲ್ಲಿ ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹೋಯಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಆ ಸುತ್ತೋಲೆಯನ್ನ ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ, ಸರಿಯಾದ ಕ್ರಮ ಅನುಸರಿಸದೆ ಹೊರಡಿಸಿದ್ದು ಅನ್ನೋದು ಮುಖ್ಯ ಕಾರಣ. ಕ್ರಮಬದ್ಧವಾಗಿ, ಎಲ್ಲರನ್ನೂ ಕೇಳಿ ಮತ್ತೆ ಮಾಡೋದಾದರೆ ಮಾಡಬಹುದು ಅಂತ ಬಾಗಿಲು ತೆರೆದೂ ಇಟ್ಟಿತು.

ಅಂದರೆ ಬಿದ್ದುಹೋಗಿದ್ದು ಸುತ್ತೋಲೆ. ಪಿಟ್‌ಬುಲ್‌ಗೆ ಕೋರ್ಟು ಕ್ಯಾರೆಕ್ಟರ್ ಸರ್ಟಿಫಿಕೇಟ್ ಏನೂ ಬರೆದುಕೊಟ್ಟಿಲ್ಲ. ಮತ್ತೆ, ನಾಯಿ ಯಾವ ತಳಿಯದ್ದೇ ಆಗಲಿ ಮಾಲೀಕನ ಮೇಲಿರೋ ಜವಾಬ್ದಾರಿ ಎಲ್ಲೂ ರದ್ದಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ನೋಡಿ. ತನ್ನ ಕೈಕೆಳಗಿನ ಪ್ರಾಣಿಯಿಂದ ಮನುಷ್ಯರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದವರಿಗೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಯಿ ಊರಲ್ಲಿ ಅಪ್ಪನ ಹತ್ತಿರ ಇದ್ದಾಗ ಏನಾದರೂ ಆದರೆ ಸ್ಟೇಷನ್ ಮೆಟ್ಟಿಲು ಮೊದಲು ಹತ್ತೋರು ಅಪ್ಪ. ರೀಲ್ಸ್‌ನಲ್ಲಿ ಈ ಭಾಗ ಬರಲ್ಲ.

ಇನ್ನು ನಾಯಿ ವಿಷಯ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಛೂ ಬಿಟ್ಟು ನೋಡೋದು ಜನರಿಗೆ ಮೋಜಾಗಿತ್ತು. 1835ರಲ್ಲಿ ಅದನ್ನ ಕಾನೂನು ನಿಲ್ಲಿಸಿತು. ಮೋಜು ನಿಲ್ಲಲಿಲ್ಲ. ಗೂಳಿ ಹೋಗಿ ನಾಯಿಗೂ ನಾಯಿಗೂ ಕಾಳಗ ಶುರುವಾಯಿತು, ಬಚ್ಚಿಡೋಕೆ ಅದೇ ಸುಲಭ. ಬುಲ್‌ಡಾಗಿನ ಹಿಡಿತ, ಟೆರಿಯರಿನ ಚುರುಕು ಎರಡೂ ಸೇರಲಿ ಅಂತ ಬೆರಕೆ ಮಾಡಿದರು. ಪಿಟ್ ಅಂದರೆ ಆ ಕಾಳಗದ ಗುಂಡಿ. ಈ ನಾಯಿಗಳು ವಲಸೆಗಾರರ ಜತೆ ಅಮೆರಿಕಕ್ಕೆ ಹೋದವು. 1898ರಲ್ಲಿ ಅಲ್ಲಿನ ಯುನೈಟೆಡ್ ಕೆನಲ್ ಕ್ಲಬ್ ‘ಅಮೆರಿಕನ್ ಪಿಟ್ ಬುಲ್ ಟೆರಿಯರ್’ ಅಂತ ಹೆಸರಿಟ್ಟು ನೋಂದಣಿ ಶುರುಮಾಡಿತು.

ಆ ಕ್ಲಬ್ಬು ಈ ತಳಿಯನ್ನ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರೀತಿಯಿಂದ ಸಾಕಿಕೊಂಡು ಬಂದಿರೋದು. ಅವರ ತಳಿ ವಿವರಣೆಯಲ್ಲೇ ಎರಡು ಮಾತಿದೆ. ಒಂದು, ಇದು ಕಾವಲಿಗೆ ಅಷ್ಟು ಒಳ್ಳೆ ನಾಯಿ ಅಲ್ಲ, ಅಪರಿಚಿತರ ಜತೆಗೂ ಸಲುಗೆ ಬೆಳೆಸುತ್ತೆ. ಎರಡು, ಹೆಚ್ಚಿನವುಗಳಲ್ಲಿ ಬೇರೆ ನಾಯಿಗಳ ಮೇಲೆ ಒಂದಿಷ್ಟಾದರೂ ಆಕ್ರಮಣದ ಸ್ವಭಾವ ಇರುತ್ತೆ, ಮೈಕಟ್ಟೂ ಬಲವಾಗಿರೋದರಿಂದ ಜೋಪಾನವಾಗಿ ಪಳಗಿಸೋ ಮಾಲೀಕ ಬೇಕು. ನಮ್ಮೂರಲ್ಲಿ ಪಿಟ್‌ಬುಲ್ ತರೋರು ಹೇಳೋ ಕಾರಣ ನೋಡಿ: ಕಾವಲಿಗೆ. ಬಿಡೋ ಜಾಗ ನೋಡಿ: ಹತ್ತು ಬೀದಿನಾಯಿ ಓಡಾಡೋ ಊರು. ತಳಿಯ ಅಭಿಮಾನಿಗಳು ಬೇಡ ಅಂದ ಎರಡನ್ನೂ ನಾವು ಹುಡುಕಿ ಹುಡುಕಿ ಮಾಡ್ತಿದ್ದೀವಿ.

‘ಎಲ್ಲಾ ಸಾಕೋ ರೀತಿಲಿ ಇರೋದು, ತಳಿಲಿ ಏನೂ ಇಲ್ಲ’ ಅನ್ನೋ ವಾದವೂ ಇದೆ. ಅದನ್ನ ತಳ್ಳಿಹಾಕೋಕೆ ಆಗಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರನ್ನ ಕೇಳಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿ ಮಾಡಿದ್ದು. ನಾಯಿಯಿಂದ ನಾಯಿಗೆ ನಡವಳಿಕೆಯಲ್ಲಿ ಕಾಣೋ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸೋಕೆ ಆಗೋದು ಶೇಕಡಾ 9ರಷ್ಟು ಮಾತ್ರ ಅಂತ ಅದು ಹೇಳ್ತು. ಪಿಟ್‌ಬುಲ್ ಪರ ಮಾತಾಡೋರು ಇದನ್ನ ಖುಷಿಯಿಂದ ಶೇರ್ ಮಾಡ್ತಾರೆ. ಮಾಡಲಿ, ಸರಿಯಾದ ಮಾತೇ. ಪಿಟ್‌ಬುಲ್ ಅಂತ ಹೆಸರು ಕೇಳಿದ ತಕ್ಷಣ ಇದು ಕಚ್ಚೇ ಕಚ್ಚುತ್ತೆ ಅನ್ನೋಕೆ ಆಗಲ್ಲ.

ಆದರೆ ನಾವು ಓದ್ತಿರೋದು ಇಂಜಿನಿಯರಿಂಗ್. ರಿಸ್ಕ್ ಅಂದರೆ ಬರೀ ಸಂಭವನೀಯತೆ ಅಂತ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಆಗೋ ಸಾಧ್ಯತೆ ಎಷ್ಟು, ಆದರೆ ಆಗೋ ನಷ್ಟ ಎಷ್ಟು, ಎರಡನ್ನೂ ಗುಣಿಸಬೇಕು. ಮನೆ ವೈರಿಂಗಿಗೂ ಹೈಟೆನ್ಷನ್ ಲೈನಿಗೂ ಒಂದೇ ಗ್ಲೌಸ್ ಹಾಕ್ಕೊಂಡು ಹೋಗ್ತೀವಾ? ಚಿಕ್ಕ ಪಮೇರಿಯನ್‌ಗೆ ಸಿಟ್ಟು ಬರೋದು ಬಹುಶಃ ಹೆಚ್ಚೇ ಇರಬಹುದು. ಅದು ಕಚ್ಚಿದರೆ ಇಂಜೆಕ್ಷನ್ ಹಾಕಿಸ್ಕೊಂಡು ಬಂದು ನಾಲ್ಕು ದಿನ ಬೈಕೊಂಡು ಓಡಾಡ್ತೀವಿ. ಇಪ್ಪತ್ತೈದು ಕಿಲೋ ಮಾಂಸಖಂಡದ ನಾಯಿ ಹಿಡಿದು ಅಲ್ಲಾಡಿಸಿದರೆ ಕಥೆ ಬೇರೆ. ಅದರ ದವಡೆ ‘ಲಾಕ್’ ಆಗುತ್ತೆ ಅನ್ನೋದು ಸುಳ್ಳು, ಅಂಥ ಬೀಗ ಯಾವ ನಾಯಿಯ ಬಾಯಲ್ಲೂ ಇಲ್ಲ. ಹಿಡಿದಿದ್ದನ್ನ ಬಿಡದ ಹಟ ಇರೋದು ನಿಜ. ಗೂಳಿ ಮೂತಿ ಹಿಡಿಯೋಕೆ ಬೇಕಾಗಿದ್ದಿದ್ದೇ ಅದು.

ಒಂದು ಸಣ್ಣ ಲೆಕ್ಕ ಮಾಡೋಣ, ಫಸ್ಟ್ ಸೆಮ್ ಫಿಸಿಕ್ಸ್ ಸಾಕು. ನಾಯಿ ತೂಕ 25 ಕೆ.ಜಿ. ಎದುರಿಗೆ ಇನ್ನೊಂದು ನಾಯಿ ಕಂಡು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ನುಗ್ಗುತ್ತೆ ಅಂದ್ಕೊಳ್ಳಿ. ಸಡಿಲವಾಗಿದ್ದ ಚೈನು ಬಿಗಿಯಾಗಿ, 0.3 ಸೆಕೆಂಡಲ್ಲಿ ಅದನ್ನ ನಿಲ್ಲಿಸಬೇಕು. ಆವೇಗ 150, ಅದನ್ನ 0.3ರಿಂದ ಭಾಗಿಸಿದರೆ 500 ನ್ಯೂಟನ್. ಅಂದರೆ ಹತ್ತಿರ ಹತ್ತಿರ 50 ಕೆ.ಜಿ.ಯ ಒಂದು ಸಿಮೆಂಟ್ ಮೂಟೆಯನ್ನ ಏಕಾಏಕಿ ನಿಮ್ಮ ಕೈಗೆ ನೇತುಹಾಕಿದಂಗೆ. ಜಿಮ್ಮಿಗೆ ಹೋಗೋ ನೀವು ತಡಕೋಬಹುದು. ಸಾಯಂಕಾಲ ಆರು ಗಂಟೆಗೆ ನಾಯಿಗೆ ಅನ್ನ ಹಾಕೋಕೆ ಹೋಗೋ ನಿಮ್ಮ ಅಜ್ಜಿಯ ತೂಕವೇ ಅಷ್ಟು ಇರಲ್ಲ.

2022ರ ಜುಲೈನಲ್ಲಿ ಲಕ್ನೋದಲ್ಲಿ ನಡೆದದ್ದು ಎಲ್ಲರೂ ಓದಿರ್ತೀರಿ. 82 ವರ್ಷದ, ನಿವೃತ್ತ ಟೀಚರೊಬ್ಬರನ್ನ ಮನೆಯದ್ದೇ ಪಿಟ್‌ಬುಲ್ ಕಚ್ಚಿ ಸಾಯಿಸಿತು. ನಾಯಿ ತಂದು ಸಾಕಿದ್ದು ಮಗ, ಜಿಮ್ ಟ್ರೇನರ್. ಘಟನೆ ಆದಾಗ ಆತ ಮನೆಯಲ್ಲಿ ಇರಲಿಲ್ಲ. ಇಡೀ ದೇಶದಲ್ಲಿ ಅದಾದ ಮೇಲೆ ಚರ್ಚೆ ನಡೆದದ್ದು ತಳಿಯ ಬಗ್ಗೆ. ನಮಗೆ ಕಾಡೋದು ಆ ಮನೆಯ ಜೋಡಣೆ: ಬಲವಾದ ಮಗ ಹೊರಗೆ, ವಯಸ್ಸಾದ ತಾಯಿ ಮತ್ತು ನಾಯಿ ಒಳಗೆ. ನಮ್ಮಲ್ಲಿ ಎಷ್ಟು ಜನರ ಮನೆ ಸೋಮವಾರದಿಂದ ಶನಿವಾರದವರೆಗೆ ಹೀಗೇ ಇರಲ್ಲ?

ಈಗ ನಿಮ್ಮೂರಿನ ಒಂದು ದಿನ ಕಣ್ಮುಂದೆ ತಂದ್ಕೊಳ್ಳಿ. ಮದ್ದೂರು ಕಡೆಯೋ, ಮಳವಳ್ಳಿ ಕಡೆಯೋ, ಎಲ್ಲ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕೋಕೆ ಹೋಗೋರು ನಿಮ್ಮ ಜಗಲಿ ಮುಂದೆಯೇ ಹೋಗ್ತಾರೆ. ಏಳಕ್ಕೆ ಸ್ಕೂಲ್ ವ್ಯಾನಿಗೆ ಕಾಯೋ ಮಕ್ಕಳು. ಎಂಟಕ್ಕೆ ಪಕ್ಕದ ಮನೆಯವರ ಕುರಿ. ಕಬ್ಬು ಕಡಿಯೋ ಕಾಲ ಬಂದರೆ ಹೊರಗಿನಿಂದ ಬಂದ ಕೂಲಿಯವರು ಗದ್ದೆ ಬದುವಲ್ಲೇ ಗುಡಿಸಲು ಹಾಕಿರ್ತಾರೆ. ಅವರ ಮಕ್ಕಳಿಗೆ ಯಾವ ಕಾಂಪೌಂಡು ಯಾರದ್ದು ಅಂತ ಗೊತ್ತಿರಲ್ಲ. ಆಲೆಮನೆ ಇದ್ದರಂತೂ ಬೆಲ್ಲಕ್ಕೆ, ಕಬ್ಬಿನ ಹಾಲಿಗೆ ದಿನಾ ಹತ್ತಾರು ಜನ. ಬಾಗಿಲು ಬಡಿದು ಬರೋ ಪದ್ಧತಿ ನಮ್ಮ ಕಡೆ ಇಲ್ಲವೇ ಇಲ್ಲ. ‘ಅಕ್ಕೋ’ ಅಂದ್ಕೊಂಡು ಸೀದಾ ಹಿತ್ತಲಿಗೇ ಬಂದುಬಿಡ್ತಾರೆ. ಮಾರಿಹಬ್ಬ ಬಂದರೆ ತಮಟೆ, ಪಟಾಕಿ, ಊರ ತುಂಬ ನೆಂಟರು. ಬೀಗರೂಟದ ದಿನ ಮೂಳೆ ವಾಸನೆಗೆ ಎಲ್ಲಾ ಬೀದಿನಾಯಿಗಳೂ ನಿಮ್ಮ ಮನೆ ಹಿಂದೆಯೇ.

ಇಷ್ಟು ತೆರೆದ ಮನೆಯಲ್ಲಿ ಇಂಥ ನಾಯಿಯನ್ನ ಇಟ್ಟುಕೊಳ್ಳೋಕೆ ಮನೆಯವರಿಗೆ ಉಳಿಯೋದು ಒಂದೇ ದಾರಿ: ಇಪ್ಪತ್ನಾಲ್ಕು ಗಂಟೆ ಕಟ್ಟಿಹಾಕೋದು. ತೆಂಗಿನ ಮರಕ್ಕೋ, ಪಂಪ್‌ಸೆಟ್ ಮನೆ ಕಂಬಕ್ಕೋ ಮೂರು ಮಾರು ಚೈನು. ಓಡೋಕೆ ಅಂತಲೇ ಹುಟ್ಟಿದ ಪ್ರಾಣಿ ಅರ್ಧ ವೃತ್ತದಲ್ಲಿ ಮಣ್ಣು ಸವೆಸಿಕೊಂಡು ನಿಂತಿರುತ್ತೆ. ಹಾಗೆ ಕಟ್ಟಿದ ನಾಯಿಗೆ ಓಡಿಹೋಗೋ ಆಯ್ಕೆ ಇರಲ್ಲ. ಹೆದರಿದರೆ ಕಚ್ಚೋದೊಂದೇ ಉಳಿದಿರೋದು. ಸುಮ್ಮನೆ ಕಟ್ಟಿಯೇ ಇಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಹಿಂಸೆಯ ಲೆಕ್ಕಕ್ಕೇ ಬರುತ್ತೆ. ಕಚ್ಚಿಸ್ಕೊಳ್ಳೋದು ಯಾರು ಅಂದ್ರೆ ಅದರ ತಟ್ಟೆಗೆ ಹಿಟ್ಟು ಹಾಕೋಕೆ ಬಂದೋರು. ನಮ್ಮ ಕ್ಲಬ್ಬಿನ ಒಬ್ಬ ಮನೆಗೆ ಫೋನ್ ಮಾಡಿ ‘ನಾಯಿ ತರ್ಲಾ’ ಅಂತ ಕೇಳಿದ್ದಕ್ಕೆ ಅವರ ಅವ್ವ ಹೇಳಿದ್ದು ಇಷ್ಟೇ: ‘ನೀನೇನೋ ತಂದ್ ಕಟ್ಬುಟ್ಟು ಬಸ್ಸತ್ತೀಯ, ಆಮೇಕೆ ಹಿಟ್ಟಾಕೋರ್ ಯಾರ್ಲಾ?’ ಇಡೀ ಲೇಖನದಲ್ಲಿ ನಾವು ಹೇಳೋಕೆ ಒದ್ದಾಡ್ತಿರೋದನ್ನ ಆ ತಾಯಿ ಒಂದು ಉಸಿರಲ್ಲಿ ಹೇಳಿದ್ರು.

ಹಿಟ್ಟು ಅಂದಾಗ ನೆನಪಾಯ್ತು. ಮನೆಯಲ್ಲಿ ಉಳಿದ ಮುದ್ದೆಗೆ ಬಸ್ಸಾರು ಕಲಸಿ ನಾಯಿಗೆ ಹಾಕೋದು ನಮ್ಮ ವಾಡಿಕೆ. ಸಾರಿನಲ್ಲಿ ಇರೋ ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಆಗಿಬರಲ್ಲ, ರಕ್ತಕಣಗಳನ್ನೇ ಹಾಳು ಮಾಡುತ್ತೆ. ಇದು ಪಿಟ್‌ಬುಲ್‌ಗೆ ಮಾತ್ರ ಅಲ್ಲ, ಕರಿಯನಿಗೂ ಟೈಗರ್‌ಗೂ ಅನ್ವಯ. ಹಾಕೋದಾದ್ರೆ ಬರೀ ಅನ್ನ, ಮೊಟ್ಟೆ, ಬೇಯಿಸಿದ ಮಾಂಸ ಹಾಕಿ.

ಮಳವಳ್ಳಿ ಕಡೆಯವರಿಗೆ ಪ್ರತ್ಯೇಕವಾಗಿ ಒಂದು ಮಾತು. ಬಂಡೂರು ಕುರಿ ನಿಮ್ಮ ತಾಲ್ಲೂಕಿನದ್ದು, ದೇಶಕ್ಕೇ ಹೆಸರಾದ ತಳಿ. ಒಂದೊಂದು ಟಗರಿಗೂ ಏನು ಬೆಲೆ ಅಂತ ನಮಗಿಂತ ನಿಮಗೆ ಗೊತ್ತು. ಗಿಡ್ಡ ಕಾಲಿನ, ನಿಧಾನವಾಗಿ ನಡೆಯೋ ಆ ಕುರಿಮಂದೆಗೆ ಹಿಡಿದಿದ್ದು ಬಿಡದ ನಾಯಿಯೊಂದು ನುಗ್ಗಿದರೆ ಆಗೋ ನಷ್ಟ, ಆಮೇಲಿನ ಪಂಚಾಯ್ತಿ, ಎರಡು ಮನೆಗಳ ನಡುವೆ ತಲೆಮಾರು ಉಳಿಯೋ ಮುನಿಸು ಇದಕ್ಕೆಲ್ಲ ಯಾವ ಇನ್‌ಶೂರೆನ್ಸೂ ಇಲ್ಲ.

‘ಚಿರತೆ ಕಾಟ ಐತೆ, ಅದಕ್ಕೇ ಜೋರಾಗಿರೋ ನಾಯಿ ಬೇಕು’ ಅನ್ನೋರೂ ಇದ್ದಾರೆ. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿರೋ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ, ಭಯ ಸುಳ್ಳೂ ಅಲ್ಲ. ಆದರೆ ಚಿರತೆ ಊರೊಳಗೆ ಬರೋದೇ ಎಷ್ಟೋ ಸಲ ನಾಯಿಗಾಗಿ. ತೋಟದಲ್ಲಿ ಒಂಟಿಯಾಗಿ ಕಟ್ಟಿರೋ ನಾಯಿ, ಎಂಥ ತಳಿಯದ್ದೇ ಆಗಲಿ, ಕಾವಲಲ್ಲ, ಬಡಿಸಿಟ್ಟ ಎಲೆ. ಚಿರತೆ ಭಯ ಇದ್ದರೆ ಕೊಟ್ಟಿಗೆಗೆ ಬಾಗಿಲು, ಬೆಳಕು, ರಾತ್ರಿ ನಾಯಿಯನ್ನ ಒಳಗೆ ಮಲಗಿಸೋದು, ಅರಣ್ಯ ಇಲಾಖೆಯವರಿಗೆ ಹೇಳಿ ಬೋನು ಇಡಿಸೋದು, ಇವೇ ಕೆಲಸಕ್ಕೆ ಬರೋದು. ಪಂಪ್‌ಸೆಟ್ ಕೇಬಲ್ ಕದಿಯೋರ ವಿಷಯಕ್ಕೂ ಅಷ್ಟೇ. ಕಳ್ಳನಿಗೆ ಬೇಕಾಗಿರೋದು ಬೊಗಳೋ ನಾಯಿ ಇಲ್ಲದ ತೋಟ. ಬೊಗಳೋದರಲ್ಲಿ ನಮ್ಮ ಊರನಾಯಿಯನ್ನ ಮೀರಿಸೋದು ಯಾವುದೂ ಇಲ್ಲ, ಹೊಸ ಮುಖ ಮೂರು ಬೀದಿ ಆಚೆ ಇರೋವಾಗಲೇ ಶುರು ಹಚ್ಚುತ್ತೆ.

ಕಾಲದ ಲೆಕ್ಕ ಇನ್ನೂ ಸರಳ. ಪಿಟ್‌ಬುಲ್ ಸಾಮಾನ್ಯವಾಗಿ 12 ವರ್ಷ, ಚೆನ್ನಾಗಿ ನೋಡಿಕೊಂಡರೆ ಅದಕ್ಕಿಂತ ಹೆಚ್ಚೂ ಬದುಕುತ್ತೆ. ಬಿಇ 4 ವರ್ಷ. 19ಕ್ಕೆ ತಂದ ಮರಿ ನಿಮಗೆ 31 ಆಗೋವರೆಗೂ ಇರುತ್ತೆ. ಅಷ್ಟರಲ್ಲಿ ಬೆಂಗಳೂರಿನ ಎರಡು ಪಿಜಿ, ಮೂರು ಕಂಪನಿ, ಪ್ರಾಯಶಃ ಒಂದು ಮದುವೆ, ಒಂದು ಮಗು. ಪಿಜಿ ಓನರ್ ನಾಯಿ ಬಿಡೋದು ಹಾಗಿರಲಿ, ಕುಕ್ಕರ್ ಇಟ್ಕೊಳ್ಳೋಕೂ ಬಿಡಲ್ಲ.

ಇದರೊಳಗೆ ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಮಾರೋರು ಯಾರೂ ಹೇಳಲ್ಲ. ನಾಯಿಮರಿ ಪ್ರಪಂಚವನ್ನ ಕಲಿಯೋದು ಹೆಚ್ಚುಕಮ್ಮಿ 3ನೇ ವಾರದಿಂದ 14ನೇ ವಾರದವರೆಗೆ. ಆಗ ಅದು ನೋಡಿದ್ದು, ಕೇಳಿದ್ದು, ಮುಟ್ಟಿದ್ದೆಲ್ಲ ‘ಇದು ಮಾಮೂಲು’ ಅಂತ ಮನಸ್ಸಲ್ಲಿ ಕೂರುತ್ತೆ. ಟ್ರ್ಯಾಕ್ಟರ್ ಶಬ್ದ, ಮಕ್ಕಳ ಕಿರುಚಾಟ, ಲುಂಗಿ ಉಟ್ಟ ತಾತ, ಹೆಲ್ಮೆಟ್ ಹಾಕಿದ ಕೊರಿಯರ್ ಹುಡುಗ, ಕೋಳಿ, ಕುರಿ, ಎಲ್ಲವನ್ನೂ ಆ ಕೆಲವೇ ವಾರದಲ್ಲಿ ಹೆದರಿಸದೆ ಪರಿಚಯ ಮಾಡಿಸಬೇಕು. ಎರಡು ತಿಂಗಳ ಮರಿ ತಂದರೆ ನಿಮಗೆ ಸಿಗೋದು ಆರು ವಾರ. ನಿಮ್ಮ ರಜೆ ಅಷ್ಟಿದೆಯಾ? ಆಮೇಲೆ, ಬೇರೆ ನಾಯಿಗಳ ಮೇಲಿನ ಸಿಟ್ಟು ಮರಿಯಲ್ಲಿ ಕಾಣಿಸಲ್ಲ. ಒಂದೂವರೆಯಿಂದ ಮೂರು ವರ್ಷದೊಳಗೆ, ನಾಯಿ ಪ್ರಾಯಕ್ಕೆ ಬಂದಾಗ ಹೊರಬರುತ್ತೆ. ಫಸ್ಟ್ ಸೆಮ್‌ನಲ್ಲಿ ತಂದ ಮುದ್ದು ಮರಿಯ ನಿಜವಾದ ಸ್ವಭಾವ ತಿಳಿಯೋ ಹೊತ್ತಿಗೆ ನೀವು ಆರನೇ ಸೆಮ್‌ನಲ್ಲಿ ಇಂಟರ್ನ್‌ಶಿಪ್ ಹುಡುಕ್ತಾ ಕಂಪನಿ ಕಂಪನಿ ಅಲೀತಿರ್ತೀರಿ. ‘ಮರಿ ಇದ್ದಾಗ ಎಷ್ಟ್ ಚೆನ್ನಾಗಿತ್ತು ಮಗಾ’ ಅನ್ನೋ ಮಾತು ನಾವು ಕೇಳಿರೋದು ಇದೇ ಹೊತ್ತಲ್ಲಿ.

ಫ್ಯಾಷನ್ ನಾಯಿಗಳ ಕಥೆ ನಮಗೆ ಹೊಸದೇನಲ್ಲ. ಹಚ್ ಜಾಹೀರಾತು ಬಂದ ಮೇಲೆ ಪಗ್ ನಾಯಿಗೆ ನಮ್ಮೂರಲ್ಲಿ ‘ಹಚ್ ನಾಯಿ’ ಅಂತಲೇ ಹೆಸರಾಯಿತು. ಉಸಿರಾಡೋಕೆ ಕಷ್ಟಪಡೋ ಆ ಚಪ್ಪಟೆ ಮೂತಿ ನಾಯಿಯನ್ನ ನಮ್ಮ ಏಪ್ರಿಲ್ ಬಿಸಿಲಲ್ಲಿ ಸಾಕಿ ಏನು ಪಾಡು ಪಟ್ಟರೋ. 2022ರಲ್ಲಿ ‘777 ಚಾರ್ಲಿ’ ನೋಡಿ ಥಿಯೇಟರಲ್ಲಿ ಅತ್ತವರೇ ಆಮೇಲೆ ಎಲ್ಲಿಂದಲೋ ಲ್ಯಾಬ್ರಡಾರ್ ಮರಿ ತರಿಸಿಕೊಂಡರು. ದುಡ್ಡಿಗಾಗಿ ಒಳಸಂಬಂಧದಲ್ಲೇ ಮರಿ ಮಾಡಿಸೋರ ವಿರುದ್ಧ ಆ ಸಿನಿಮಾ ಹೇಳಿದ್ದು ಕಿವಿಗೆ ಬಿದ್ದಿದ್ದು ಕಮ್ಮಿ. ಪಗ್, ಲ್ಯಾಬ್ ಆದರೆ ಫ್ಯಾಷನ್ ಮುಗಿದ ಮೇಲೆ ಯಾರಾದರೂ ತಗೊಂಡು ಹೋಗ್ತಾರೆ. ಮೂರು ವರ್ಷದ, ಮುಂಗೋಪದ ಪಿಟ್‌ಬುಲ್ ಅನ್ನ ಯಾರು ತಗೊಳ್ತಾರೆ? ಅದು ಹೋಗೋದು ಒಂದೋ ಹೈವೇ ಪಕ್ಕಕ್ಕೆ, ಇಲ್ಲಾ ಕಾಳಗದ ಬೆಟ್ಟಿಂಗ್ ಕಟ್ಟೋರ ಕೈಗೆ. ನಾಯಿ ಕಾಳಗ ನಮ್ಮ ದೇಶದಲ್ಲಿ ಅಪರಾಧ.

ಹಾಗಾದರೆ ಯಾರೂ ಸಾಕಲೇಬಾರದಾ? ಹಾಗೆ ನಾವು ಹೇಳಲ್ಲ. ಚೆನ್ನಾಗಿ ಬೆಳೆಸಿದ ಪಿಟ್‌ಬುಲ್ ಎಷ್ಟು ಪ್ರೀತಿಯ ಪ್ರಾಣಿ ಅಂತ ಹತ್ತಿರದಿಂದ ನೋಡಿದವರು ನಮ್ಮಲ್ಲೂ ಇದ್ದಾರೆ. ಮೊದಲೇ ಒಂದೆರಡು ನಾಯಿ ಸಾಕಿ ಅನುಭವ ಇರೋರು, ಇದೇ ಊರಲ್ಲಿ ನೆಲೆ ನಿಂತೋರು, ಆಳೆತ್ತರ ಕಾಂಪೌಂಡೂ ತಾನಾಗಿ ಮುಚ್ಚಿಕೊಳ್ಳೋ ಗೇಟೂ ಇರೋರು, ಮನೆಯಲ್ಲಿ ಚಿಕ್ಕ ಮಕ್ಕಳಾಗಲಿ ಬೇರೆ ನಾಯಿ, ಕುರಿಗಳಾಗಲಿ ಇಲ್ಲದೋರು, ಬೆಳಿಗ್ಗೆ ಬಿಸಿಲೇರೋ ಮುಂಚೆ ಒಂದು ಗಂಟೆ, ಸಂಜೆ ಒಂದು ಗಂಟೆ ದಿನಾ ಕೊಡೋಕೆ ಆಗೋರು. ಮುಖ್ಯವಾಗಿ, ಮನೆಯ ದೊಡ್ಡವರೆಲ್ಲ ಮನಸಾರೆ ಒಪ್ಪಿರಬೇಕು. ‘ಆಯ್ತು ಹೋಗ್ಲಾ, ಏನಾರಾ ಮಾಡ್ಕೊ’ ಅನ್ನೋದು ಒಪ್ಪಿಗೆ ಅಲ್ಲ ಅಂತ ನಿಮಗೂ ಗೊತ್ತು.

ಅಂಥವರು ತರೋದಾದರೆ ಮಾರೋರನ್ನ ಸ್ವಲ್ಪ ಬಿಗಿಯಾಗಿ ವಿಚಾರಿಸಿ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರೋರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, 8 ವಾರ ತುಂಬದ ಮರಿ ಮಾರೋ ಹಾಗಿಲ್ಲ. ನೋಂದಣಿ ಪತ್ರ ತೋರಿಸಿ ಅಂದ ತಕ್ಷಣ ಡಿಎಂ ಬ್ಲಾಕ್ ಆದರೆ ನಿಮಗೆ ಒಳ್ಳೇದೇ ಆಯಿತು. ತಾಯಿ ನಾಯಿಯನ್ನ ಕಣ್ಣಾರೆ ನೋಡಿ, ಅದರ ಹತ್ತಿರ ಕೂತು ನೋಡಿ. ತಾಯಿಯನ್ನೇ ತೋರಿಸದವರ ಹತ್ತಿರ ಮರಿ ತಗೋಬೇಡಿ. ‘ಪೇಪರ್ ಇದೆ’ ಅಂದರೆ ಆ ಪೇಪರ್‌ನಲ್ಲಿ ಯಾವ ತಳಿಯ ಹೆಸರಿದೆ ಅಂತ ಓದಿ. ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐನ ತಳಿಪಟ್ಟಿಯಲ್ಲಿ ಅಮೆರಿಕನ್ ಪಿಟ್ ಬುಲ್ ಟೆರಿಯರ್ ಇಲ್ಲವೇ ಇಲ್ಲ, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಅನ್ನೋದು ಬೇರೆ ಹೆಸರಲ್ಲಿದೆ. ಅಮೆರಿಕನ್ ಬುಲ್ಲಿ ಮತ್ತೊಂದು, ಅದು ಇನ್ನೂ ಭಾರದ್ದು. ನಮ್ಮ ಕಡೆ ಎಲ್ಲಕ್ಕೂ ‘ಪಿಟ್‌ಬುಲ್’ ಅಂತಲೇ ಕೂಗಿ ಮಾರ್ತಾರೆ. ಕಿವಿ ಕತ್ತರಿಸಿದ ಮರಿ ಬೇಡವೇ ಬೇಡ, ಅಂದಕ್ಕಾಗಿ ಅಂಗ ಕತ್ತರಿಸೋದು ಹಿಂಸೆ. ಅದನ್ನ ಮಾಡಿದವರು ಬೇರೆ ವಿಷಯದಲ್ಲಿ ನೆಟ್ಟಗಿರ್ತಾರೆ ಅಂತ ನಂಬೋದು ಕಷ್ಟ.

ಬರೀ ಒಂದು ನಾಯಿ ಬೇಕು, ಜತೆಗಿರಲಿ ಅನ್ನೋರಿಗೆ ಊರಲ್ಲೇ ಎಷ್ಟೊಂದು ಮರಿಗಳಿವೆ. ಅವಕ್ಕೆ ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ಜನ ಎಲ್ಲ ಹುಟ್ಟಿನಿಂದಲೇ ಗೊತ್ತು. ‘ತಳಿನೇ ಬೇಕು, ನಮ್ಮದೇ ಬೇಕು’ ಅನ್ನೋ ಅಭಿಮಾನಿಗಳು ಮುಧೋಳದ ಹೆಸರು ಹೇಳ್ತಾರೆ. ಬಾಗಲಕೋಟೆ ಜಿಲ್ಲೆಯ ಆ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ, ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೇ ಇದೆ. ಹೆಮ್ಮೆ ನಮಗೂ ಇದೆ. ಆದರೆ ಅದು ಬೇಟೆನಾಯಿ, ಓಡಿದ್ದನ್ನೆಲ್ಲ ಬೆನ್ನಟ್ಟುತ್ತೆ. ಮೇಲೆ ಕೇಳಿದ ಪ್ರಶ್ನೆಗಳೇ ಅದಕ್ಕೂ.

ಕೊನೆಯದಾಗಿ, ಈಗಾಗಲೇ ಮನೆಯಲ್ಲಿ ಪಿಟ್‌ಬುಲ್ ಇರೋರಿಗೆ. ಅದನ್ನ ಬಿಟ್ಟುಬಿಡಿ ಅಂತ ನಾವು ಖಂಡಿತ ಹೇಳಲ್ಲ. ಸಂತಾನಹರಣ ಮಾಡಿಸಿ. ಮುಖಕ್ಕೆ ಹಾಕೋ ಬುಟ್ಟಿ ಥರದ ಮಝಲ್ ಸಿಗುತ್ತೆ, ಬಾಯಿ ತೆರೆದು ಉಸಿರಾಡೋಕೆ, ನೀರು ಕುಡಿಯೋಕೆ ಆಗುವಂಥದ್ದು. ಒಳಗೆ ತಿಂಡಿ ಇಟ್ಟು ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ, ಹೊರಗೆ ಕರ್ಕೊಂಡು ಹೋಗೋವಾಗ ಹಾಕಿ. ಕಟ್ಟಿಹಾಕೋ ಬದಲು ನಾಲ್ಕು ಕಡೆ ಜಾಲರಿ ಹೊಡೆಸಿ, ನೆರಳು ಮಾಡಿ, ಒಳಗೆ ಬಿಡಿ. ನೀವಿಲ್ಲದಾಗ ತಟ್ಟೆ ಒಳಗೆ ತಳ್ಳೋಕೆ ಒಂದು ಕಿಂಡಿ ಇರಲಿ, ಅಜ್ಜಿ ಒಳಗೆ ಹೋಗೋ ಅಗತ್ಯವೇ ಬೀಳಬಾರದು. ಮಕ್ಕಳ ಜತೆ ಒಂಟಿಯಾಗಿ ಒಂದು ನಿಮಿಷವೂ ಬಿಡಬೇಡಿ. ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸಿ, ಕಾರ್ಡು ಮನೆಯವರ ಕೈಗೆ ಸಿಗೋ ಕಡೆ ಇಡಿ.

ಕಚ್ಚಿದರೆ, ಯಾವ ನಾಯಿಯೇ ಆಗಲಿ, ಸುಣ್ಣ, ಅರಿಶಿನ, ಕಾಫಿಪುಡಿ ಹಚ್ಚಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ಗಡಿಯಾರ ನೋಡ್ಕೊಂಡು ತೊಳೀರಿ. ಆಮೇಲೆ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಅದೇ ದಿನ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆ ಜತೆಗೆ ಗಾಯದ ಸುತ್ತ ಹಾಕೋ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತೆ, ಕೇಳಿ ಹಾಕಿಸ್ಕೊಳ್ಳಿ. ಮುಂದಿನ ಡೋಸ್‌ಗಳ ದಿನಾಂಕ ಚೀಟಿಯಲ್ಲಿ ಬರೆದುಕೊಡ್ತಾರೆ. ಇಂಟರ್ನಲ್ಸ್ ಇದೆ ಅಂತ ಒಂದನ್ನೂ ತಪ್ಪಿಸಬೇಡಿ.

ಈ ಬರಹ ಒಪ್ಪದವರು, ಅದರಲ್ಲೂ ಪಿಟ್‌ಬುಲ್ ಸಾಕಿ ಮೂರು ವರ್ಷ ದಾಟಿಸಿದವರು, ಕ್ಲಬ್ಬಿಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಒಂದೇ ಷರತ್ತು: ಜತೆಗೆ ಮನೆಯಲ್ಲಿ ಅದಕ್ಕೆ ದಿನಾ ಊಟ ಹಾಕೋರ ನಾಲ್ಕು ಮಾತನ್ನೂ ಕೇಳಿ ಬರೆದುಕೊಂಡು ಬನ್ನಿ.